ಎದೆನೋವು ಬಂದರೆ ಮೊದಲು ಇಸಿಜಿ, ಆಮೇಲೆ ಮಣಿಪಾಲ

ಬೈಂದೂರು, ಕೊಲ್ಲೂರು, ಶಿರೂರು ಕಡೆ ಯಾರಿಗಾದರೂ ಎದೆನೋವು ಬಂದರೆ ಮನೆಯವರು ಕಾರು ಹುಡುಕಿ ನೇರ ಮಣಿಪಾಲಕ್ಕೆ ಹೊರಡುತ್ತಾರೆ. ಬೈಂದೂರಿನಿಂದ ಅದು ಎಪ್ಪತ್ತು ಕಿ.ಮೀ. ಆಸುಪಾಸಿನ ದಾರಿ. ಕುಂದಾಪುರದ ತಾಲ್ಲೂಕು ಆಸ್ಪತ್ರೆಯನ್ನು ದಾಟಿಯೇ ಹೋಗಬೇಕು. ಅಲ್ಲಿ ನಿಲ್ಲದೆ ಹೋಗುವುದರಲ್ಲೇ ಜೀವ ಉಳಿಸುವ ಹೊತ್ತು ಕಳೆದುಹೋಗುತ್ತದೆ.

ಸರಕಾರ 2023ರ ನವೆಂಬರ್‌ನಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹಂತ ಹಂತವಾಗಿ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿದೆ. ಅಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲೇ ವರದಿ ನೋಡಿ ಸಲಹೆ ಕೊಡುವ ಕೆಲಸವನ್ನು ಅದಕ್ಕೂ ಮೊದಲೇ ಶುರು ಮಾಡಿದ್ದರು.

ನಿಮ್ಮೂರಿಗೆ ಹತ್ತಿರದಲ್ಲಿ ರಾತ್ರಿಯೂ ಇಸಿಜಿ ತೆಗೆಯುವ ಆಸ್ಪತ್ರೆ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಇಂದೇ ಕೇಳಿಟ್ಟುಕೊಳ್ಳಿ. ನೋವು ಬಂದ ಮೇಲೆ ಹುಡುಕಲು ಆಗುವುದಿಲ್ಲ.

ಈಗ ‘ಗ್ಯಾಸ್’ ವಿಚಾರ. ‘ಎಂತ ಇಲ್ಲ ಮರಾಯ, ಗ್ಯಾಸ್ ಅಷ್ಟೆ’ ಎನ್ನುತ್ತಾ ಜೀರಿಗೆ ಕಷಾಯ ಕುಡಿಸುತ್ತಾರೆ. ಅರ್ಧ ಗಂಟೆಯ ಮೇಲೆ ಈನೋ, ಆಮೇಲೆ ಬೆನ್ನಿಗೆ ಎಣ್ಣೆ. ಬೆವರಿ ಅಂಗಿ ಒದ್ದೆಯಾದ ಮೇಲಷ್ಟೇ ಗಾಬರಿ. ಹೃದಯದ ನೋವು ಎದೆಯ ಮೇಲೆ ಭಾರ ಇಟ್ಟ ಹಾಗೆ ಬರಬಹುದು; ದವಡೆಗೆ, ಎಡಗೈಗೆ ಹರಡಬಹುದು; ಹೊಟ್ಟೆಯ ಮೇಲ್ಭಾಗದಲ್ಲಿ ಉರಿಯಾಗಿಯೂ ಕಾಣಬಹುದು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎದೆ ನೋಯದೆ ಬರೀ ಸುಸ್ತು, ವಾಕರಿಕೆ, ಏದುಸಿರು ಇರಬಹುದು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಯಾರೂ ತೀರ್ಮಾನಿಸಬಾರದು. ತೇಗು ಬಂದು ಹಗುರವಾಯಿತು ಎಂದರೂ ನಂಬಬೇಡಿ. ಇಸಿಜಿ ತೆಗೆಯಲು ಹತ್ತು ನಿಮಿಷವೂ ಬೇಡ.

ಗಡಿಯಾರ ನೋಡಿ, ನೋವು ಶುರುವಾದ ಹೊತ್ತು ಬರೆದುಕೊಳ್ಳಿ. ಚುಚ್ಚುಮದ್ದು ಕೊಡುವ ತೀರ್ಮಾನಕ್ಕೆ ವೈದ್ಯರಿಗೆ ಅದು ಬೇಕೇ ಬೇಕು. 108ಕ್ಕೆ ಕರೆ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ. ಪಕ್ಕದ ಮನೆಯವರು ಕೊಟ್ಟ ಸಾರ್ಬಿಟ್ರೇಟ್ ಮಾತ್ರೆ ನಾಲಗೆಯಡಿ ಇಡಬೇಡಿ; ರಕ್ತದೊತ್ತಡ ಕುಸಿದು ರೋಗಿ ಬಿದ್ದುಬಿಡಬಹುದು.

ಆಸ್ಪತ್ರೆಯಲ್ಲಿ ಚೀಟಿಯ ಸಾಲಿನಲ್ಲಿ ನಿಲ್ಲದೆ ‘ಎದೆನೋವು’ ಎಂದು ಜೋರಾಗಿಯೇ ಹೇಳಿ. ಹಿಂದೆ ಪಾರ್ಶ್ವವಾಯು, ಇತ್ತೀಚೆಗೆ ಶಸ್ತ್ರಚಿಕಿತ್ಸೆ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಇಂಥವರಿಗೆ ಆ ಚುಚ್ಚುಮದ್ದು ಅಪಾಯ. ಮೊದಲ ಇಸಿಜಿ ಸರಿ ಇದ್ದರೂ ನೋವು ನಿಲ್ಲದಿದ್ದರೆ ಇನ್ನೊಮ್ಮೆ ತೆಗೆಯಲು ಕೇಳಿ. ಸಂಕೋಚ ಬೇಡ.

ಚುಚ್ಚುಮದ್ದು ಪಡೆದು ನೋವು ಇಳಿಯಿತೆಂದು ಮನೆಗೆ ಮರಳುವಂತಿಲ್ಲ. ಆಂಜಿಯೋಗ್ರಾಮ್‌ಗಾಗಿ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲೇ ಹೋಗಬೇಕು, ಇಸಿಜಿಯ ಫೋಟೊ ಮೊಬೈಲಿನಲ್ಲಿರಲಿ. ಮೊದಲು ತಾಲ್ಲೂಕು ಆಸ್ಪತ್ರೆ ಎಂಬ ಮಾತು ದೂರದವರಿಗೆ; ಬ್ರಹ್ಮಾವರದವರಿಗೆ ಮಣಿಪಾಲ ಹತ್ತಿರ, ನೇರ ಹೋಗಬಹುದು.

ಖರ್ಚು: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಮಿತಿ 1.5 ಲಕ್ಷ ರೂ. ತುರ್ತು ಪಟ್ಟಿಯ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಡ. ಆಧಾರ್, ರೇಷನ್ ಕಾರ್ಡ್ ಒಯ್ಯಿರಿ. ಆಸ್ಪತ್ರೆ ಈ ಯೋಜನೆಯಡಿ ನೋಂದಾಯಿತವೇ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು ಕೇಳಿ.