ಸುಳಾದಿ, ಉಗಾಭೋಗ, ಶೋಭಾನೆ: ಹೆಸರುಗಳ ವಿಚಾರ

ಸಕ್ರೆಬೈಲಿನಲ್ಲಿ ಕಾರ್ತಿಕಮಾಸದ ಭಜನೆಗೆ ಕುಳಿತಿದ್ದಾಗ ಚಿಕ್ಕ ಹುಡುಗಿಯೊಬ್ಬಳು ತನ್ನ ಅಜ್ಜಿಯನ್ನು ಕೇಳಿದಳು: “ಅಜ್ಜೀ, ಸುಳಾದಿ ಅಂದರೆ ಏನು?” ಆ ಹಿರಿಯರು ತಡಮಾಡದೆ, “ಸುಳು ಹಾದಿ ಕಣೇ ಮಗಳೇ, ದೇವರ ಹತ್ತಿರ ಹೋಗಲಿಕ್ಕೆ ಸುಲಭದ ದಾರಿ” ಎಂದರು. ಈ ಲೇಖಕನೂ ಅನೇಕ ವರ್ಷ ಹೀಗೆಯೇ ಹೇಳಿಕೊಡುತ್ತ ಬಂದವನು. ಅರ್ಥವೇನೋ ಸೊಗಸಾಗಿದೆ, ಶಬ್ದದ ಹುಟ್ಟು ಮಾತ್ರ ಬೇರೆ.

ದೇವಗಿರಿಯ ಯಾದವರಾಜ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ರಚಿಸಿದ ‘ಸಂಗೀತರತ್ನಾಕರ’ದಲ್ಲಿ ‘ಸಾಲಗಸೂಡ’ವೆಂಬ ಪ್ರಬಂಧವರ್ಗವನ್ನು ವಿವರಿಸಿದ್ದಾನೆ. ಅದರಲ್ಲಿ ಏಳು ಬಗೆ. ಈ ‘ಸೂಡ’ವೇ ಡಕಾರವು ಳಕಾರವಾಗಿ, ‘ಸೂಳಾದಿ’ಯೆಂದಾಗಿ, ನಮ್ಮ ಸುಳಾದಿಯಾಯಿತೆಂಬುದು ವಿದ್ವಾಂಸರ ಮತ. ಅಲ್ಲಿನ ಧ್ರುವ, ಮಂಠ, ಅಡ್ಡ, ಏಕತಾಳಿಗಳ ಗುರುತು ಇಂದಿನ ಧ್ರುವ, ಮಠ್ಯ, ಅಟ್ಟ, ಏಕ ತಾಳಗಳ ಹೆಸರುಗಳಲ್ಲಿ ಇನ್ನೂ ಉಳಿದಿದೆ. ಸೂಡವೆಂದರೆ ಗೀತೆಗಳ ಸಮೂಹವನ್ನು ಹೇಳುವ ದೇಶೀ ಶಬ್ದ. ಹುಲ್ಲಿನ ಅಥವಾ ತೆನೆಯ ಕಂತೆಗೂ ಕನ್ನಡದಲ್ಲಿ ಸೂಡು ಎಂಬ ಮಾತುಂಟು. ಇವೆರಡಕ್ಕೂ ನಂಟನ್ನು ಸಾಧಿಸಲು ನಾನು ಹೊರಟಿಲ್ಲ. ಆದರೆ ಬೇರೆಬೇರೆ ತಾಳದ ನುಡಿಗಳನ್ನು ಒಂದು ಕಟ್ಟಾಗಿ ಕಟ್ಟಿ, ಕೊನೆಗೆ ‘ಜತೆ’ಯಿಂದ ಬಿಗಿದ ಸುಳಾದಿಯನ್ನು ನೋಡಿದಾಗಲೆಲ್ಲ ಆ ಕಂತೆಯ ನೆನಪಾಗದೆ ಇರದು.

ಶಬ್ದದ ಹುಟ್ಟು ಯಾವುದಾದರೇನು ಎಂದು ವಾಚಕರು ಕೇಳಬಹುದು. ಸುಲಭದ ಹಾದಿಯೆಂದು ನಂಬಿದ್ದರಿಂದಲೇ ಇಂದು ಹಲವು ಭಜನಾಮಂಡಲಿಗಳಲ್ಲಿ ಸುಳಾದಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ತಾಳದಲ್ಲಿ ಹಾಡಿ ಮುಗಿಸುವ ರೂಢಿ ಬಂದಿದೆ. ಶ್ರೀಪಾದರಾಜರಿಂದ ವಿಜಯದಾಸರವರೆಗೆ ಹಿರಿಯರು ತಾಳಕ್ಕೊಂದು ನುಡಿಯಂತೆ ತತ್ತ್ವವನ್ನು ಹಂತಹಂತವಾಗಿ ಬಿಡಿಸಿಟ್ಟ ಕ್ರಮವೇ ಇದರಿಂದ ಅಳಿಸಿಹೋಗುತ್ತದೆ. ಸಂಗೀತಪಾಠದ ಮಕ್ಕಳು ಏಳು ತಾಳಗಳ ಅಲಂಕಾರಗಳನ್ನು ದಿನವೂ ಹಾಡುತ್ತಾರೆ. ಅವುಗಳಿಗೆ ‘ಸುಳಾದಿ ಸಪ್ತತಾಳ’ವೆಂದೇ ಹೆಸರು. ಆದರೂ ಅವರಿಗೆ ಒಂದು ಸುಳಾದಿಯೂ ಬಾರದು!

ಉಗಾಭೋಗದ ಹೆಸರೂ ಪ್ರಬಂಧದಿಂದಲೇ ಬಂದುದು. ಪ್ರಬಂಧದ ಆರಂಭಭಾಗ ಉದ್ಗ್ರಾಹ, ಅಂತ್ಯಭಾಗ ಆಭೋಗ. ಇವೆರಡೂ ಕೂಡಿ ಉಗಾಭೋಗವಾಯಿತೆನ್ನುತ್ತಾರೆ. ತಾಳದ ಕಟ್ಟಿಲ್ಲದೆ ರಾಗದಲ್ಲಿ ಬಿಡಿಸಿ ಹಾಡುವುದು ಇದರ ಲಕ್ಷಣ.

ಹೆಸರುಗಳ ಈ ಪಯಣ ನಮ್ಮಲ್ಲಿ ಮಾತ್ರವಲ್ಲ. ಗ್ವಾಲಿಯರಿನ ರಾಜಾ ಮಾನಸಿಂಹನ ಆಸ್ಥಾನದಲ್ಲಿ ಬೆಳೆದ ಧ್ರುಪದವು ‘ಧ್ರುವಪದ’ವೇ, ನಮ್ಮ ಧ್ರುವತಾಳದ ಒಡಹುಟ್ಟು. ಖಯಾಲ್ ಎಂದರೆ ಅರಬ್ಬಿಯಲ್ಲಿ ಕಲ್ಪನೆ. ಖವ್ವಾಲಿಯು ‘ಖೌಲ್’ ಎಂಬ ಶಬ್ದದಿಂದ ಬಂದುದು. ಅದಕ್ಕೆ ನುಡಿ, ಉಕ್ತಿ ಎಂದರ್ಥ. ಶಿವಶರಣರ ‘ವಚನ’ಕ್ಕೂ ಅರ್ಥ ಅದೇ ಅಲ್ಲವೆ? ಪಾಶ್ಚಾತ್ಯರ ಸೊನಾಟಾ ಎಂದರೆ ವಾದ್ಯದಲ್ಲಿ ನುಡಿಸಿದ್ದು, ಕಾಂಟಾಟಾ ಎಂದರೆ ಕಂಠದಿಂದ ಹಾಡಿದ್ದು. ಯೆಹೂದ್ಯರ ಸ್ತೋತ್ರಗಳಿಗೆ ಗ್ರೀಕರಿಟ್ಟ ‘ಸಾಮ್’ ಎಂಬ ಹೆಸರಿಗೆ ಮೂಲದಲ್ಲಿ ತಂತಿ ಮೀಟುವುದೆಂದೇ ಅರ್ಥ. ತಂಬೂರಿ ಹಿಡಿದ ದಾಸರ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಶೋಭಾನೆ. ಸಂಸ್ಕೃತದ ‘ಶೋಭನ’ ಎಂದರೆ ಮಂಗಳ. ಮಲೆನಾಡಿನ ಹೆಣ್ಣುಮಕ್ಕಳು ಮದುವೆಮನೆಯಲ್ಲಿ ಹಾಡುವ ಸೋಬಾನೆಪದ ಇದರ ತದ್ಭವ. 16ನೆಯ ಶತಮಾನದ ಶ್ರೀ ವಾದಿರಾಜರು ಆ ಹೆಣ್ಣುಮಕ್ಕಳ ಹಾಡಿನ ಹೆಸರನ್ನೇ ಇಟ್ಟುಕೊಂಡು ಲಕ್ಷ್ಮೀಶೋಭಾನೆಯನ್ನು ರಚಿಸಿದರು. ಹೊಲದ ಮನೆಯ ಸೋಬಾನೆಯೂ ಮಠದ ಶೋಭಾನೆಯೂ ಒಂದೇ ಮಾತು.

ಉತ್ಸವದ ಕರೆಯೋಲೆಗಳಲ್ಲಿ ಇವೆಲ್ಲವನ್ನೂ ‘ಭಕ್ತಿಗೀತೆಗಳು’ ಎಂಬ ಒಂದೇ ಶೀರ್ಷಿಕೆಯಡಿ ಅಚ್ಚುಹಾಕಿಸುತ್ತಿದ್ದೇವೆ. ಮುಂದಿನ ಬಾರಿ ಸುಳಾದಿಯನ್ನು ಸುಳಾದಿಯೆಂದೂ ಉಗಾಭೋಗವನ್ನು ಉಗಾಭೋಗವೆಂದೂ ಬರೆಯಿಸಿ, ಸುಳಾದಿಯ ಮುಂದೆ ಅದರ ತಾಳಗಳನ್ನೂ ಕಾಣಿಸಬೇಕೆಂದು ಕಾರ್ಯಕರ್ತರಲ್ಲಿ ವಿನಂತಿ. ಆ ಹುಡುಗಿ ಈಗ ಧ್ರುವತಾಳದ ನುಡಿಯನ್ನು ಕಲಿಯುತ್ತಿದ್ದಾಳೆ. ಬೆರಳೆಣಿಕೆ ಇನ್ನೂ ತಪ್ಪುತ್ತಿದೆ. ಅಜ್ಜಿ ಪಕ್ಕದಲ್ಲಿ ಕುಳಿತು ತಾವೂ ಎಣಿಸುತ್ತಾರೆ.