ಆರ್ಮೋ ಲಿಫ್ಟೋ: ಹೇಳೋರು ಯಾರು?

2022ರ ಎಬಿಯು ರೋಬೋಕಾನ್ ನವದೆಹಲಿಯಲ್ಲಿ ನಡೆದಾಗ ಕೊಟ್ಟ ಆಟ ನಮ್ಮ ಲಗೋರಿ. ಒಂದು ರೋಬಾಟ್ ಚೆಂಡೆಸೆದು ಲಗೋರಿ ಉರುಳಿಸಬೇಕು, ಅದರ ಜೊತೆಗಾರ ಬಿಲ್ಲೆಗಳನ್ನು ಮತ್ತೆ ಜೋಡಿಸಬೇಕು. ಜೋಡಿಸುವವನ ತಲೆ ಮೇಲೊಂದು ಚೆಂಡು, ಅದನ್ನು ಹೊಡೆದು ಬೀಳಿಸಲು ಎದುರಾಳಿ ಕಾಯ್ತಿರುತ್ತಾನೆ. ಬೀದಿಯಲ್ಲಿ ಆಡಿದವರಿಗೆ ಇದನ್ನೆಲ್ಲ ವಿವರಿಸಬೇಕಿಲ್ಲ. ಆದರೆ ಬಿಲ್ಲೆ ಎತ್ತೋದು ಹೇಗೆ? ಅದನ್ನ ತೀರ್ಮಾನ ಮಾಡೋರು ಯಾರು?

ಸಾಮಾನ್ಯವಾಗಿ ಫೈನಲ್ ಇಯರ್ ಅಣ್ಣನೋ ಗೈಡ್ ಮೇಷ್ಟ್ರೋ "ಲಿಫ್ಟ್ ಹಾಕ್ರೋ, ಆರ್ಮ್ ಬೇಡ" ಅಂತಾರೆ. ಬಹಳ ಸಲ ಅವರು ಹೇಳಿದ್ದು ಸರಿಯೇ ಇರುತ್ತೆ. ತೊಂದರೆ ಇರೋದೇ ಅಲ್ಲಿ. ಎರಡನೇ ವರ್ಷದವರು ಬೋಲ್ಟ್ ಬಿಗಿ ಮಾಡಿ, ವೈರ್‌ಗೆ ಬೆಸುಗೆ ಹಾಕಿ ಸ್ಪರ್ಧೆ ಮುಗಿಸ್ತಾರೆ. ಅಣ್ಣ ಕೆಲಸಕ್ಕೆ ಸೇರಿದ ಮೇಲೆ ಆರ್ಮ್ ಯಾಕೆ ಬೇಡ ಅನ್ನೋ ಕಾರಣವೂ ಅವರ ಜೊತೆಗೇ ಹೋಗುತ್ತೆ. ಮುಂದಿನ ವರ್ಷ ಆಟವೇ ಬೇರೆ.

ಕಾರಣ ಲೆಕ್ಕದಲ್ಲಿದೆ. 1.5 ಕೆಜಿ ಹೊರೆ, 40 ಸೆಂ.ಮೀ. ಆರ್ಮ್ ಅಂತಿಟ್ಟುಕೊಳ್ಳಿ. ಅಡ್ಡಲಾಗಿ ಚಾಚಿದಾಗ ಬುಡದಲ್ಲಿ ಬೇಕಾದ ಟಾರ್ಕ್ 1.5 × 9.8 × 0.4, ಅಂದರೆ ಸುಮಾರು 5.9 ನ್ಯೂಟನ್ ಮೀಟರ್. ಆರ್ಮ್‌ನ ಸ್ವಂತ ತೂಕ ಇನ್ನೂ ಸೇರಿಸಿಲ್ಲ. ಅದೇ ಹೊರೆಯನ್ನು 2 ಸೆಂ.ಮೀ. ತ್ರಿಜ್ಯದ ಡ್ರಮ್ಮಿಗೆ ಹಗ್ಗ ಸುತ್ತಿ ನೇರ ಎತ್ತಿದರೆ, ಘರ್ಷಣೆ ಬಿಟ್ಟು, 0.3 ಸಾಕು. ಹಾಗಂತ ಲಿಫ್ಟೇ ಗೆಲ್ತು ಅನ್ನಬೇಡಿ. 40 ಸೆಂ.ಮೀ. ಏರಲು ಆರ್ಮ್‌ಗೆ ಕಾಲು ಸುತ್ತು ಸಾಕು, ಡ್ರಮ್ಮು ಮೂರು ಸುತ್ತಿಗೂ ಹೆಚ್ಚು ತಿರುಗಬೇಕು. ರೈಲು ಚೂರು ಸೊಟ್ಟಗಿದ್ರೂ ಸಿಕ್ಕಿಹಾಕಿಕೊಳ್ಳುತ್ತೆ. ದೂರ ಬಿದ್ದ ಬಿಲ್ಲೆಗೆ ಆರ್ಮ್ ಕೈ ಚಾಚುತ್ತೆ, ಲಿಫ್ಟ್ ಆದರೆ ಇಡೀ ಬೇಸೇ ಅಲ್ಲಿಗೆ ಹೋಗಬೇಕು.

ಈ ಲೆಕ್ಕವನ್ನ ಎರಡನೇ ವರ್ಷದವರೇ ಬೋರ್ಡ್ ಮೇಲೆ ಮಾಡಿ, ಅವರೇ ಆರಿಸಲಿ ಅನ್ನೋದು ನಮ್ಮ ವಾದ. ಸೀನಿಯರ್ ಆದವರು "ಟಾರ್ಕ್ ಎಷ್ಟು? ನಿನ್ ಮೋಟರ್ ಎಷ್ಟು ಕೊಡುತ್ತೆ? ಕೆಟ್ರೆ ಬಿಚ್ಚಿ ಜೋಡಿಸೋಕೆ ಎಷ್ಟು ನಿಮಿಷ?" ಅಂತ ಕೇಳಿ ಸುಮ್ಮನಿರಬೇಕು. (ಸುಮ್ಮನಿರೋದೇ ಕಷ್ಟ, ಗೊತ್ತು.) ಜಗಳ ನಿಲ್ಲದಿದ್ರೆ ರಟ್ಟು, ಪಿವಿಸಿ ಪೈಪಲ್ಲಿ ಎರಡನ್ನೂ ಮಾಡಿ ನೋಡಿ. ಬಾಯಿಗಿಂತ ಪೈಪು ಬೇಗ ತೀರ್ಪು ಕೊಡುತ್ತೆ.

ಎಲ್ಲವನ್ನೂ ಬಿಟ್ಟುಕೊಡಿ ಅಂತ ಹೇಳ್ತಿಲ್ಲ. ಲಿಪೋ ಬ್ಯಾಟರಿ ಚಾರ್ಜಿಂಗ್, ಎಮರ್ಜೆನ್ಸಿ ಸ್ಟಾಪ್, ಒತ್ತಡದ ಗಾಳಿ, ಇಲ್ಲಿ ಸೀನಿಯರ್ ಮಾತೇ ನಡೀಬೇಕು. ದುಡ್ಡೆಷ್ಟು, ಡಿಸೈನ್ ಬದಲಿಸೋಕೆ ಕೊನೇ ದಿನ ಯಾವುದು ಅನ್ನೋದನ್ನೂ ಮೊದಲೇ ಹೇಳಿಬಿಡಿ. ಆ ಗೆರೆಯೊಳಗೆ ಜೂನಿಯರ್‌ಗಳದೇ ರಾಜ್ಯ.

ಸೋತರೆ? ಸೋಲಬಹುದು. ವರ್ಷದ ಸ್ಪಾನ್ಸರ್ ದುಡ್ಡು, ಎಷ್ಟೋ ರಾತ್ರಿ ನಿದ್ದೆ ಹೋಗಿರುತ್ತೆ, ಸಣ್ಣ ಮಾತೇನಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇಡಿ: ಏನು ಆರಿಸಿದ್ರಿ, ಏನು ಬಿಟ್ರಿ, ಯಾವ ಅಂಕಿ ನೋಡಿ ಬಿಟ್ರಿ. ಯಾರು ಹೇಳಿದ್ದು ಅಂತ ಬರೀಬೇಡಿ, ಸೋತ ಮೇಲೆ ಎಲ್ಲರೂ ಮೊದಲು ಹುಡುಕೋದು ಆ ಹೆಸರನ್ನೇ.