ಅಳಿವೆಯಲ್ಲಿ ಪ್ಲಗ್ ಎಸೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ಕಾರವಾರದಿಂದ ಮಂಗಳೂರಿನವರೆಗೆ ಅಳಿವೆ ಬಾಗಿಲಲ್ಲಿ, ಬ್ರೇಕ್‌ವಾಟರ್ ಮೇಲೆ, ದಂಡೆಗಲ್ಲುಗಳ ಮೇಲೆ ನಿಂತು ರಾಡ್ ಬೀಸುವವರಿಗೆ.

ಯಾವುದಕ್ಕೆ: ಮೇಲ್ನೀರಿನಲ್ಲಿ, ಒಂದರಿಂದ ಮೂರು ಅಡಿ ಆಳದಲ್ಲಿ ಈಜುವ, ಮೀನಿನ ಆಕಾರದ ಕೃತಕ ಎರೆಯಾದ ಪ್ಲಗ್‌ನಿಂದ ಕುರುಡಿ, ಕೆಂಬೇರಿ, ಕೊಕ್ಕರ್, ಬಾರಕೂಡ ಹಿಡಿಯಲು.

ಏಕೆ: ಈ ಪ್ಲಗ್‌ಗೆ ಮೀನು ಬೀಳುವುದು ತೆರೆ ಒಡೆಯುವ ಅಂಚಿನಲ್ಲಿ, ಮಸುಕು ಬೆಳಕಿನ ಹೊತ್ತಿನಲ್ಲಿ. ಅಲ್ಲಿ ಕಾಲು ಜಾರಿದರೆ ಜೀವ ಹೋಗುತ್ತದೆ. ಗಾಳ ಹಿಂದಕ್ಕೆ ಹಾರಿದರೆ ಕಣ್ಣು ಹೋಗುತ್ತದೆ. ಮೀನನ್ನು ಒರಟಾಗಿ ಹಿಡಿದರೆ, ನೀರಿಗೆ ಬಿಟ್ಟರೂ ಅದು ಸಾಯುತ್ತದೆ.

ಮಾಡಬೇಕಾದ್ದು

ಹೊರಡುವ ಮೊದಲು

• ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಎತ್ತರದ ಅಲೆಯ ಎಚ್ಚರಿಕೆ ನೋಡಿ. ದಕ್ಷಿಣ ಮಹಾಸಾಗರದಲ್ಲಿ ಎದ್ದ ಉಬ್ಬಲೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ದಂಡೆಗೆ ಬಂದು ಅಪ್ಪಳಿಸುತ್ತದೆ.
• ಹವಾಮಾನ ಇಲಾಖೆಯ ಸಿಡಿಲಿನ ಮುನ್ಸೂಚನೆ ನೋಡಿ. ಏಪ್ರಿಲ್, ಮೇ, ಅಕ್ಟೋಬರ್ ತಿಂಗಳ ಸಂಜೆಗಳಲ್ಲಿ ಎರಡು ಸಲ ನೋಡಿ.
• ಭರತ, ಇಳಿತದ ಹೊತ್ತು ಬರೆದುಕೊಳ್ಳಿ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆಯ ಲೆಕ್ಕ ಇಂದಿಗೆ ನಡೆಯದು.
• ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇನ್ನೂ ಎತ್ತರದ ಜಾಗ ಆರಿಸಿ. ಆಗ ನೀರು ಹೆಚ್ಚು ಏರುತ್ತದೆ, ಸೆಳೆತವೂ ಹೆಚ್ಚು.
• ಕಾಳಿ ನದಿಗೆ ಹೋಗುವವರು ಕದ್ರಾ ಅಣೆಕಟ್ಟಿನಿಂದ, ಶರಾವತಿಗೆ ಹೋಗುವವರು ಗೇರುಸೊಪ್ಪದಿಂದ ನೀರು ಬಿಡುತ್ತಾರೆಯೇ ಎಂದು ವಿಚಾರಿಸಿ.
• ಆ ಊರಿನ ಮೀನುಗಾರರನ್ನು ಕೇಳಿ. ಅಳಿವೆಯ ಮರಳು ದಿಬ್ಬ ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಈ ವರ್ಷ ಗುಂಡಿ ಎಲ್ಲಿದೆ ಎಂಬುದು ಅವರಿಗೆ ಗೊತ್ತು.
• ಎಲ್ಲಿ ನಿಲ್ಲುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಹೇಳಿ.
• ಫೋನಿನಲ್ಲಿ ಮೂರು ಸಂಖ್ಯೆ ಉಳಿಸಿಕೊಳ್ಳಿ: ತುರ್ತು ನೆರವಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554.
• ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಮೊದಲು ಅದನ್ನು ಹಾಕಿಸಿಕೊಳ್ಳಿ.

ಮೈಮೇಲೆ, ಚೀಲದಲ್ಲಿ

• ಲೈಫ್ ಜಾಕೆಟ್ ತೊಟ್ಟು ಎಲ್ಲ ಬಕಲ್ ಬಿಗಿಯಿರಿ.
• ಗಟ್ಟಿ ಕನ್ನಡಕ ಹಾಕಿ. ಕತ್ತಲಾದ ಮೇಲೆ ಬಣ್ಣವಿಲ್ಲದ ಗಾಜಿನದು ಹಾಕಿ.
• ಪಾಚಿಗಲ್ಲಿನ ಮೇಲೆ ಹಿಡಿತ ಕೊಡುವ, ಬೆರಳು ಮುಚ್ಚುವ ಶೂ ತೊಡಿ.
• ಹಣೆಗೆ ಕಟ್ಟುವ ಟಾರ್ಚ್, ಕೊರಳಿಗೆ ಸೀಟಿ ಇರಲಿ.
• ಉದ್ದ ಮೂತಿಯ ಇಕ್ಕಳ ಮತ್ತು ಗಾಳ ತುಂಡರಿಸುವ ಕಟ್ಟರ್ ಸೊಂಟದಲ್ಲೇ ಇರಲಿ, ಚೀಲದ ತಳದಲ್ಲಲ್ಲ.
• ಉದ್ದ ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿ ಜೊತೆಗೊಯ್ಯಿರಿ. ಬಿದ್ದವರಿಗೆ ಎಸೆಯಲು ಅದೇ ಬೇಕಾಗುವುದು.

ಪ್ಲಗ್ ಸಜ್ಜು

• ತೇಲುವ ಪ್ಲಗ್ ಆರಿಸಿ. ಮೂತಿಯ ನಾಲಿಗೆ ಚಿಕ್ಕದಾಗಿರಲಿ; ನಾಲಿಗೆ ಉದ್ದವಾದಷ್ಟೂ ಪ್ಲಗ್ ಆಳಕ್ಕೆ ಇಳಿದು ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ.
• ಬ್ರೇಡ್ ನೂಲಿನ ತುದಿಗೆ ದಪ್ಪ ಲೀಡರ್ ಕಟ್ಟಿ. ಕುರುಡಿಯ ಕಿವಿರು ಮುಚ್ಚಳದ ಅಂಚು, ಕಲ್ಲಿಗೆ ಅಂಟಿದ ಚಿಪ್ಪು, ಎರಡೂ ಬರಿಯ ಬ್ರೇಡನ್ನು ಕೊಯ್ದುಹಾಕುತ್ತವೆ.
• ಬಾರಕೂಡ ಇರುವಲ್ಲಿ ಪ್ಲಗ್‌ನ ಮುಂದೆ ತೆಳು ತಂತಿಯ ತುಂಡು ಸೇರಿಸಿ.
• ಪ್ಲಗ್ಗನ್ನು ಸಡಿಲ ಕುಣಿಕೆ ಗಂಟಿನಿಂದ ಅಥವಾ ಚಿಕ್ಕ ಸ್ನ್ಯಾಪ್‌ನಿಂದ ಕಟ್ಟಿ. ಆಗಲೇ ಅದು ಮೀನಿನಂತೆ ಮೈ ತೊನೆದು ಈಜುವುದು.
• ಮೂರು ಮುಳ್ಳಿನ ಗಾಳ ತೆಗೆದು ಗಟ್ಟಿಮುಟ್ಟಾದ ಒಂಟಿ ಗಾಳ ಹಾಕಿ. ಮೂರು ಮುಳ್ಳಿನವು ಎರಡಿದ್ದರೆ ಆರು ಮುಳ್ಳು. ಒಂಟಿ ಗಾಳವಾದರೆ ಎರಡೇ.
• ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟಸ ಮಾಡಿ.
• ಸ್ಪ್ಲಿಟ್ ರಿಂಗ್‌ಗೆ ತುಕ್ಕು ಹಿಡಿದಿದ್ದರೆ ಆಗಲೇ ಬದಲಿಸಿ.
• ಮೊದಲು ಕಾಲಬುಡದ ನೀರಿನಲ್ಲಿ ಎಳೆದು ನೋಡಿ. ಪ್ಲಗ್ ಎಡಕ್ಕೆ ಓಡಿದರೆ ಮೂತಿಯ ಕೊಂಡಿಯನ್ನು ತುಸುವೇ ಬಲಕ್ಕೆ ಬಗ್ಗಿಸಿ. ಬಲಕ್ಕೆ ಓಡಿದರೆ ಎಡಕ್ಕೆ.
• ರೀಲಿನ ಡ್ರ್ಯಾಗನ್ನು ನೂಲಿನ ಬಲದ ಕಾಲುಭಾಗಕ್ಕೆ ಹೊಂದಿಸಿ.

ಎಸೆಯುವಾಗ, ಎಳೆಯುವಾಗ

• ನಿಲ್ಲುವ ಕಲ್ಲನ್ನು ದೂರದಿಂದ 20 ನಿಮಿಷ ನೋಡಿ. ಆ ಹೊತ್ತಿನಲ್ಲಿ ಅದು ಒಮ್ಮೆ ಒದ್ದೆಯಾದರೂ ಬೇರೆ ಜಾಗ ಹುಡುಕಿ.
• ಪ್ರತಿ ಸಲವೂ ಹಿಂದೆ ತಿರುಗಿ ನೋಡಿ ಎಸೆಯಿರಿ.
• ಇಳಿತ ಶುರುವಾದಾಗ ತೋಡಿನ ಬಾಯಿಗೆ ಗುರಿಯಿಡಿ. ಮರಿಮೀನು, ಸಿಗಡಿ ನೀರಿನೊಂದಿಗೆ ಹೊರಬೀಳುವುದು ಅಲ್ಲಿ. ಕುರುಡಿ ಕಾದಿರುವುದೂ ಅಲ್ಲೇ.
• ಹರಿವಿಗೆ ಅಡ್ಡಲಾಗಿ ಎಸೆದು ನಿಧಾನವಾಗಿ ಎಳೆಯಿರಿ.
• ತೀರಾ ತೆಳುನೀರಿನಲ್ಲಿ ರಾಡಿನ ತುದಿ ಎತ್ತಿ ಹಿಡಿಯಿರಿ, ಪ್ಲಗ್ ಮೇಲೆಯೇ ಬರುತ್ತದೆ. ತುಸು ಆಳ ಬೇಕಾದರೆ ತುದಿ ತಗ್ಗಿಸಿ.
• ಕಲ್ಲಿನ, ಕಾಂಡ್ಲಾ ಬೇರಿನ ಪಕ್ಕ ಎಳೆತ ನಿಲ್ಲಿಸಿ ಪ್ಲಗ್ಗನ್ನು ತೇಲಲು ಬಿಡಿ. ಮೀನು ಹೊಡೆಯುವುದು ಹೆಚ್ಚಾಗಿ ಆ ಕ್ಷಣದಲ್ಲೇ.
• ಪ್ಲಗ್ ದಂಡೆಗೆ ಹತ್ತಿರವಾದಾಗ ರಾಡನ್ನು ತಗ್ಗಿಸಿ ಪಕ್ಕಕ್ಕೆ ಹಿಡಿಯಿರಿ. ಮೀನು ಕೊಸರಿಕೊಂಡರೆ ಪ್ಲಗ್ ಮುಖಕ್ಕೆ ಬಾರದೆ ಬದಿಗೆ ಹೋಗುತ್ತದೆ.
• ಪ್ಲಗ್ ಕಲ್ಲಿಗೆ ಸಿಕ್ಕಿಕೊಂಡರೆ ನೂಲನ್ನು ಮರದ ತುಂಡಿಗೆ ಸುತ್ತಿ, ಮುಖ ತಿರುಗಿಸಿ, ನೇರವಾಗಿ ಹಿಂದಕ್ಕೆ ಎಳೆಯಿರಿ.

ಮೀನು ಬಂದಾಗ

• ರಬ್ಬರ್ ಕಣ್ಣಿನ ಕೈಬಲೆಯಲ್ಲಿ ಎತ್ತಿ.
• ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ.
• ಗಾಳವನ್ನು ಇಕ್ಕಳದಿಂದಲೇ ಬಿಡಿಸಿ.
• ದೊಡ್ಡ ಮೀನನ್ನು ಅಡ್ಡಲಾಗಿ, ಹೊಟ್ಟೆಗೆ ಕೈಯಾಸರೆ ಕೊಟ್ಟು ಹಿಡಿಯಿರಿ.
• ದೊಡ್ಡ ಕುರುಡಿಯನ್ನು ಬಿಟ್ಟುಬಿಡಿ. ಕುರುಡಿ ಮೊದಲು ಗಂಡಾಗಿ ಬಲಿತು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆಯಿಡುವವು ಆ ದೊಡ್ಡವೇ.
• ಬಿಡುವಾಗ ಅದರ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿಯಿರಿ; ಬಾಲ ಬಡಿದು ತಾನೇ ಹೋಗುವವರೆಗೆ ಕಾಯಿರಿ.
• ಮನೆಗೆ ಒಯ್ಯುವ ಮೀನನ್ನು ಕೂಡಲೇ ಕೊಂದು ಐಸಿಗೆ ಹಾಕಿ.

ಅವಘಡವಾದರೆ

• ಗಾಳ ಮೈಗೆ ಚುಚ್ಚಿದರೆ ಮೊದಲು ನೂಲು ಕತ್ತರಿಸಿ, ಮೀನು ಸಿಕ್ಕಿದ್ದರೆ ಅದನ್ನು ಬೇರ್ಪಡಿಸಿ, ಆಮೇಲೆ ಆಸ್ಪತ್ರೆಗೆ ಹೋಗಿ.
• ಗಾಳ ಕಣ್ಣಿಗೆ ಹೊಕ್ಕರೆ ಒತ್ತಡ ಬೀಳದಂತೆ ಮೇಲೊಂದು ಕಾಗದದ ಲೋಟ ಮುಚ್ಚಿ ಕಟ್ಟಿ, ಕಣ್ಣಾಸ್ಪತ್ರೆಗೆ ಓಡಿ.
• ತೊರಕೆಯ ಮುಳ್ಳು ಚುಚ್ಚಿದರೆ ಕಾಲನ್ನು ತಾಳುವಷ್ಟು ಬಿಸಿಯ ನೀರಿನಲ್ಲಿ ಮುಳುಗಿಸಿ. ಅಲ್ಲಿಂದ ವೈದ್ಯರ ಬಳಿ ಹೋಗಿ.
• ಯಾರಾದರೂ ನೀರಿಗೆ ಬಿದ್ದರೆ ಕ್ಯಾನ್ ಕಟ್ಟಿದ ಹಗ್ಗ ಎಸೆಯಿರಿ, ಕೂಗಿ, ಕರೆ ಮಾಡಿ. ಬಿದ್ದವರ ಮೇಲಿಂದ ಕಣ್ಣು ತೆಗೆಯದಿರಲು ಒಬ್ಬರನ್ನು ನಿಲ್ಲಿಸಿ.

ಮಾಡಬಾರದ್ದು

ಜಾಗ ಮತ್ತು ಹೊತ್ತು

• ಒಬ್ಬರೇ ಹೋಗುವುದು ಬೇಡ.
• ಕುಡಿದು ಕಲ್ಲು ಏರುವುದು ಬೇಡ.
• ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಯಾಂತ್ರಿಕ ದೋಣಿಗಳಿಗಷ್ಟೇ ಎಂದು ಮಳೆಗಾಲದಲ್ಲಿ ಬ್ರೇಕ್‌ವಾಟರ್ ಏರುವುದು ಬೇಡ. ನಿಷೇಧ ಇರಲಿ ಇಲ್ಲದಿರಲಿ, ಅಲೆ ಅದೇ.
• ಟೆಟ್ರಾಪಾಡ್‌ಗಳ ಮೇಲೆ ನೆಗೆದು ದಾಟಬಾರದು. ಸಂದಿಗೆ ಬಿದ್ದವರನ್ನು ಮೇಲೆತ್ತುವುದು ಬಲು ಕಷ್ಟ.
• ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು.
• ಇಳಿತದಲ್ಲಿ ಬತ್ತಿದ ದಿಬ್ಬಕ್ಕೆ ನಡೆದು ಹೋಗಿ ಭರತ ಏರುವವರೆಗೆ ನಿಲ್ಲಬಾರದು.
• ಅಳಿವೆಯಲ್ಲಿ ಸೊಂಟ ಮುಟ್ಟುವ ನೀರಿಗೆ ಇಳಿಯುವುದು ಬೇಡ.
• ತೆಳುನೀರಿನಲ್ಲಿ ಹೆಜ್ಜೆ ಎತ್ತಿಡುವುದು ಬೇಡ. ಕಾಲನ್ನು ನೆಲಕ್ಕೆ ಉಜ್ಜುತ್ತಾ ನಡೆದರೆ ತೊರಕೆ ಸರಿದುಹೋಗುತ್ತದೆ.
• ಗುಡುಗು ಕೇಳಿದ ಮೇಲೆ ಇನ್ನೊಂದು ಸಲ ಎಸೆಯುವುದು ಬೇಡ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ.
• ವಿದ್ಯುತ್ ತಂತಿಯ ಕೆಳಗೆ ರಾಡ್ ಎತ್ತಬಾರದು.
• ಹೆದ್ದಾರಿ ಸೇತುವೆಯ ಮೇಲೆ ನಿಂತು ಬೀಸಬಾರದು.

ಗಾಳ ಮತ್ತು ನೂಲು

• ಪಕ್ಕದವರ ತಲೆಯ ಮೇಲಿಂದ ಎಸೆಯಬಾರದು.
• ಗಾಳ ತೂಗಾಡುವ ರಾಡನ್ನು ಹೆಗಲಿಗೇರಿಸಿ ಜನರ ನಡುವೆ ನಡೆಯಬಾರದು.
• ಬ್ರೇಡ್ ನೂಲನ್ನು ಬೆರಳಿಗೆ, ಅಂಗೈಗೆ ಸುತ್ತಿ ಎಳೆಯಬಾರದು. ಮೂಳೆಯವರೆಗೆ ಕೊಯ್ಯುತ್ತದೆ.
• ಸಿಕ್ಕಿದ ಪ್ಲಗ್ಗನ್ನು ರಾಡ್ ಬಗ್ಗಿಸಿ ಜಗ್ಗಬಾರದು.
• ಪ್ಲಗ್ ಬಿಡಿಸಲು ನೀರಿಗೆ ಇಳಿಯುವುದು ಬೇಡ. ಪ್ಲಗ್ ಹೋದರೆ ಹೋಗಲಿ.
• ದೊಡ್ಡ ಸ್ವಿವೆಲ್ಲನ್ನು ಪ್ಲಗ್ ಮೂತಿಗೆ ಕಟ್ಟುವುದು ಬೇಡ. ಈಜು ಕೆಡುತ್ತದೆ.
• ಕಣ್ಣಿಗೆ ಹೊಕ್ಕ ಗಾಳವನ್ನು ಎಳೆಯಬಾರದು, ಅಲುಗಾಡಿಸಲೂಬಾರದು.
• ಈಜಲು ಗೊತ್ತು ಎಂದು ನೀರಿಗೆ ಬಿದ್ದವರ ಹಿಂದೆ ಹಾರಬಾರದು. ಒಂದು ಸಾವು ಎರಡಾಗುತ್ತದೆ.

ಮೀನು ಮತ್ತು ಕಡಲು

• ಕುರುಡಿಯ ಕಿವಿರು ಮುಚ್ಚಳದೊಳಗೆ ಬೆರಳು ಹಾಕಬಾರದು.
• ಬಾರಕೂಡದ, ಕೆಂಬೇರಿಯ ಬಾಯಿಗೆ ಕೈ ಹಾಕಬಾರದು.
• ಬಿಡಬೇಕಾದ ಮೀನನ್ನು ಬಿಸಿಗಲ್ಲು, ಮರಳಿನ ಮೇಲೆ ಹೊರಳಿಸಬಾರದು.
• ದೊಡ್ಡ ಮೀನನ್ನು ದವಡೆಯಿಂದ ನೇತುಹಾಕಿ ಫೋಟೊ ತೆಗೆಸುವುದು ಬೇಡ.
• ಹೊಟ್ಟೆ ಉಬ್ಬಿಸುವ ಪಫರ್ ಮೀನನ್ನು ತಿನ್ನಬಾರದು. ಅದರ ವಿಷ ಬೇಯಿಸಿದರೂ ಹೋಗದು.
• ಗರಗಸ ಮೀನು, ಕಡಲಾಮೆ ಗಾಳಕ್ಕೆ ಸಿಕ್ಕಿದರೆ ಮನೆಗೆ ಒಯ್ಯಬಾರದು. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ; ಒಯ್ದರೆ ಜೈಲು.
• ಮೊಟ್ಟೆಯಿಡಲು ದಡಕ್ಕೆ ಬಂದ ಆಮೆಯ ಮೇಲೆ ಟಾರ್ಚ್ ಬಿಡಬಾರದು.
• ಕೈರಂಪಣಿ ಎಳೆಯುವಲ್ಲಿ, ಬೀಸುಬಲೆ ಹಾಕುವಲ್ಲಿ ಪ್ಲಗ್ ಎಸೆಯುವುದು ಬೇಡ. ಬಲೆಯಲ್ಲಿ ಉಳಿದ ಗಾಳ ಮೀನುಗಾರರ ಅಂಗೈ ಸೀಳುತ್ತದೆ.
• ದೋಣಿ ಬರುವ ದಾರಿಗೆ ಅಡ್ಡ ನೂಲು ಬಿಡಬಾರದು.
• ಕಾಂಡ್ಲಾ ಗಿಡಗಳಲ್ಲಿ ತುಂಡು ನೂಲು ಬಿಟ್ಟು ಬರಬಾರದು. ಹಕ್ಕಿಗಳ ಕಾಲಿಗೆ ಉರುಳಾಗುತ್ತದೆ. ಅಘನಾಶಿನಿ ಅಳಿವೆ ರಾಮ್ಸರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಅಲ್ಲಂತೂ ಒಂದು ಗೇಣು ನೂಲೂ ಉಳಿಯಬಾರದು.

ಮರಳಿದ ಮೇಲೆ

• ಉಪ್ಪುನೀರಿನ ಪ್ಲಗ್ಗನ್ನು ಸಿಹಿನೀರಿನಲ್ಲಿ ತೊಳೆಯದೆ ಪೆಟ್ಟಿಗೆಗೆ ಹಾಕಬಾರದು.
• ಗಾಳವಿರುವ ಪ್ಲಗ್ಗನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು.
• ಕಡಲ ನೀರು ತಾಗಿದ ಗಾಯ ಕೆಂಪಾಗಿ ಊದಿದರೆ, ಜ್ವರ ಬಂದರೆ, ಬೆಳಗಾಗಲೆಂದು ಕಾಯಬಾರದು. ಸೋಂಕು ಗಂಟೆಗಳಲ್ಲಿ ಏರುತ್ತದೆ.

ಲೈಫ್ ಜಾಕೆಟ್, ಜೊತೆಗಾರ, ಹಗ್ಗ: ಈ ಮೂರರಲ್ಲಿ ಒಂದು ಇಲ್ಲದ ದಿನ ಅಳಿವೆಗೆ ಹೋಗುವುದೇ ಬೇಡ.